ಬಣ್ಣದೊಳಗಿನ ಗಂಟು

ನಾಗರತ್ನ ಮೇಡಂ ಮೊಳಕಾಲ್ಮೂರಿನ ನಮ್ಮ ಹೈಸ್ಕೂಲಿಗೆ ವಿಜ್ಞಾನ ಪಾಠ ಮಾಡಲು ಬಂದದ್ದು ತೊಂಬತ್ತೆರಡನೇ ಇಸವಿಯ ಜೂನ್ ತಿಂಗಳಲ್ಲಿ. ನಾನು ಅಲ್ಲಿ ಕನ್ನಡದ ಮೇಷ್ಟ್ರು. ಹನ್ನೆರಡು ವರ್ಷ ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿ ಅಕ್ಕಪಕ್ಕ. ಅವರ ಮನೆಯಲ್ಲಿ ನಡೆದದ್ದರಲ್ಲಿ ಕೆಲವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಉಳಿದದ್ದನ್ನು ಅವರೇ ಹೇಳಿದ್ದಾರೆ. ರಸಾಯನಶಾಸ್ತ್ರದ ಮಾತು ಬಂದ ಕಡೆ ಅವರು ನನಗೆ ತಿಳಿಯುವಂತೆ ಹೇಳಿದ್ದನ್ನಷ್ಟೇ ಬರೆಯುತ್ತೇನೆ. ಅದಕ್ಕಿಂತ ಹೆಚ್ಚು ನನಗೆ ಬರುವುದಿಲ್ಲ.

ಅವರ ತವರು ಚಳ್ಳಕೆರೆ. ತಂದೆ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಮೇಸ್ತ್ರಿ. ಮೂವರು ಹೆಣ್ಣುಮಕ್ಕಳಲ್ಲಿ ಕಾಲೇಜಿಗೆ ಹೋದವರು ಇವರೊಬ್ಬರೇ. ಕಾಲೇಜಿನಲ್ಲಿ ತಿಪ್ಪೇರುದ್ರಪ್ಪ ಎಂಬ ಕೆಮಿಸ್ಟ್ರಿ ಲೆಕ್ಚರರ್ ಇದ್ದರಂತೆ. ತುಂಬ ಮೆತ್ತಗೆ ಮಾತಾಡುವ ಮನುಷ್ಯ, ಆದರೆ ತಪ್ಪು ಉತ್ತರ ಬರೆದವರನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಸರಿಯಾದದ್ದು ಅವರ ಬಾಯಿಂದಲೇ ಬರುವ ತನಕ ಬಿಡುತ್ತಿರಲಿಲ್ಲ. ಅವರ ಪಾಠ ಕೇಳಿಯೇ ತಾನು ಟೀಚರಾಗಬೇಕು ಅನ್ನಿಸಿತು ಎಂದು ಮೇಡಂ ಹೇಳುತ್ತಿದ್ದರು. ಬಿ.ಎಸ್ಸಿ. ಆಯಿತು, ಬಿ.ಎಡ್. ಆಯಿತು. ಮರುವರ್ಷವೇ ಮೊಳಕಾಲ್ಮೂರಿನ ಮಾರುತಿಯವರ ಜೊತೆ ಮದುವೆಯಾಯಿತು.

ಮಾರುತಿಯವರದು ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆತನ. ನಮ್ಮೂರ ಸೀರೆಯ ಮಾತು ಬಂದರೆ ಎಲ್ಲರೂ ನೇಯುವವರ ಹೆಸರು ಹೇಳುತ್ತಾರೆ. ಆ ನೂಲಿಗೆ ಬಣ್ಣ ಹಾಕಿದವರು ಯಾರು ಎಂದು ಊರಾಚೆಯವರು ಯಾರೂ ಕೇಳುವುದಿಲ್ಲ. ನೇಕಾರರಿಗೆ ಮಾತ್ರ ಗೊತ್ತಿತ್ತು, ಕುಂಕುಮಗೆಂಪು ಬೇಕೆಂದರೆ ಮಾರುತಿಯ ಹತ್ತಿರವೇ ಹೋಗಬೇಕು ಅಂತ. ಅವರು ಓದಿದ್ದು ಎಸ್ಸೆಸ್ಸೆಲ್ಸಿ, ಅದರಲ್ಲೂ ಗಣಿತ ಹೋಗಿತ್ತು. ಹದಿಮೂರನೇ ವಯಸ್ಸಿಗೇ ಅಪ್ಪನ ಜೊತೆ ಹಂಡೆಯ ಮುಂದೆ ನಿಂತವರು. ಓದಿದ ಹೆಣ್ಣು ಯಾಕೆ ಬೇಕು ಅಂತ ನೆಂಟರು ಕೇಳಿದಾಗ, "ಡಬ್ಬದ ಮ್ಯಾಲಿನ ಇಂಗ್ಲಿಷು ಓದಿ ಹೇಳೋಕೆ ಒಬ್ರು ಬೇಕಲ್ಲ" ಎಂದು ನಕ್ಕಿದ್ದರಂತೆ. ಬಣ್ಣದ ವ್ಯಾಪಾರಿ ಕ್ಯಾತಪ್ಪ ತಂದುಕೊಡುತ್ತಿದ್ದ ಡಬ್ಬಗಳ ಮೇಲೆ ಇಂಗ್ಲಿಷೂ ಇರಲಿಲ್ಲ, ಕನ್ನಡವೂ ಇರಲಿಲ್ಲ. ಸೀಮೆಸುಣ್ಣದಲ್ಲಿ ಒಂದು ಗುರುತು ಇರುತ್ತಿತ್ತು, ಅಷ್ಟೆ.

ಹಿತ್ತಲಲ್ಲಿ ತಗಡು ಹೊದಿಸಿದ ಒಂದು ಉದ್ದನೆಯ ಕೋಣೆ. ಅದೇ ಬಣ್ಣದ ಮನೆ. ಸೋಪು, ಸೋಡ ಹಾಕಿ ಕುದಿಸಿ ಮೊದಲು ಹಸಿ ರೇಷ್ಮೆಯ ಅಂಟು ತೆಗೆಯಬೇಕು. ಆಮೇಲೆ ಬಣ್ಣದ ಹಂಡೆಗೆ ನೂಲಿನ ಲಡಿಗಳನ್ನು ಬಿದಿರು ಕೋಲಿನಿಂದ ಇಳಿಬಿಟ್ಟು ತಿರುವುತ್ತಲೇ ಇರಬೇಕು. ನೀರಿಗೆ ಆಸಿಡ್ ಎಷ್ಟು ಹಾಕಬೇಕು ಅನ್ನುವುದಕ್ಕೆ ಅಳತೆ ಇರಲಿಲ್ಲ. ಮಾರುತಿ ಬೆರಳ ತುದಿಯನ್ನು ಹಂಡೆಗೆ ಅದ್ದಿ, ನಾಲಿಗೆಗೆ ಮುಟ್ಟಿಸಿ, ಹುಳಿ ನೋಡಿ ಪಕ್ಕಕ್ಕೆ ಉಗುಳುತ್ತಿದ್ದರು. ಅವರಪ್ಪನೂ ಹಾಗೇ ಮಾಡುತ್ತಿದ್ದರು. ಊರಿನ ಎಲ್ಲ ಬಣ್ಣದವರೂ ಹಾಗೇ ಮಾಡುತ್ತಿದ್ದರು.

ಅದನ್ನು ಕಂಡರೆ ಆಗದವರು ಮಾರುತಿಯವರ ತಾಯಿ ಹೊನ್ನಕ್ಕ ಒಬ್ಬರೇ. "ಒದ್ದುರಾ ನಾಯನಾ" ಎಂದು ತೆಲುಗಿನಲ್ಲಿ ಕೂಗುತ್ತಿದ್ದರು; ಬ್ಯಾಡ ಕಣಪ್ಪ ಅಂತ. ಸಿಟ್ಟು ಬಂದರೆ ಅವರಿಗೆ ತವರಿನ ಮಾತೇ ಬಾಯಿಗೆ ಬರುತ್ತಿತ್ತು. ಹೊಸ ಸೊಸೆ ಒಂದು ದಿನ ಯಾಕೆ ಎಂದು ಕೇಳಿದರು.

"ನಿಮ್ಮ ಮಾವ ಹಿಂಗೇ ನೆಕ್ಕಿ ನೆಕ್ಕಿ ಹೋದ ಕಣವ್ವ" ಎಂದರು ಹೊನ್ನಕ್ಕ. "ಎಲ್ಡು ವರ್ಷ ಉಚ್ಚೇಲಿ ರಕ್ತ. ಉಷ್ಣ ಅಂದ್ರು, ಕಲ್ಲು ಅಂದ್ರು. ಮಜ್ಜಿಗೆ ಕುಡಿಸ್ದೆ, ಲೋಳೆಸರ ತಿನ್ನಿಸ್ದೆ. ಕೊನೀಗೆ ಕಡ್ಡಿ ಆಗಿದ್ದ. ನನಗೆ ಈ ಕೆಂಪು ಪುಡಿ ಮ್ಯಾಲೇ ಅನುಮಾನ."

ಅವತ್ತು ಊಟಕ್ಕೆ ಕೂತಾಗ ನಾಗರತ್ನ ಅತ್ತೆಯ ಅನುಮಾನವನ್ನು ಪರಿಹರಿಸಿದರು. ತಾವು ಹೇಳಿದ ಒಂದೊಂದು ಮಾತೂ ಅವರಿಗೆ ಕೊನೆಯವರೆಗೂ ನೆನಪಿತ್ತು. ನನಗೆ ಮೂರು ನಾಲ್ಕು ಸಲವಾದರೂ ಹೇಳಿದ್ದಾರೆ, ಪ್ರತಿಸಲವೂ ಅದೇ ಮಾತು, ಅದೇ ಕ್ರಮ.

"ಅತ್ತೆ, ಒಲೆ ಮೇಲೆ ಅನ್ನದ ನೀರು ಕುದೀತೈತಲ್ಲ, ಹಬೆ ಏಳ್ತೈತೆ. ಆ ಹಬೇನೂ ನೀರೇ. ನೀರಿನ ಒಂದೊಂದು ಅಣುವಿನ ಒಳಗೆ ಎರಡು ಹೈಡ್ರೋಜನ್ನು, ಒಂದು ಆಕ್ಸಿಜನ್ನು ಗಟ್ಟಿಯಾಗಿ ಕಟ್ಕೊಂಡಿರ್ತಾವೆ. ಎಷ್ಟು ಕುದಿಸಿದ್ರೂ ಆ ಕಟ್ಟು ಬಿಚ್ಚಲ್ಲ. ಒಂದು ಅಣು ಪಕ್ಕದ ಅಣುವಿನ ಕೈ ಬಿಡ್ತೈತೆ, ಅಷ್ಟೆ. ಬಣ್ಣಾನೂ ಹಂಗೇ. ನೂಲಿನ ಜೊತೆ, ಇವರ ಕೈಚರ್ಮದ ಜೊತೆ ಅದಕ್ಕೆ ಇರೋದು ಪಕ್ಕಪಕ್ಕದ ಸೆಳೆತ. ಸೋಪು ಹಾಕಿದ್ರೆ ಬಿಟ್ಟು ಹೋಗ್ತೈತೆ. ನಾಲಿಗೆ ಮೇಲೆ ಬಿದ್ದು ಒಂದಿಷ್ಟು ಹೊಟ್ಟೆಗೆ ಹೋತು ಅಂತ್ಲೇ ಇಟ್ಕೊಳ್ಳಿ. ಹೋದ ಹಂಗೇ ಈಚೆಗೆ ಬರ್ತೈತೆ. ಒಳಗೆ ಏನೂ ಆಗಲ್ಲ."

ಮಾರುತಿಗೆ ಹೆಮ್ಮೆ. "ಕೇಳ್ದ್ಯೇನವ್ವ? ನಿನ್ನ ಸೊಸೆ ಸುಮ್ನೆ ಓದಿಲ್ಲ" ಎಂದರು. ಹೊನ್ನಕ್ಕ ಮುದ್ದೆ ಮುರಿದರು. ಆಮೇಲೆ ಅವರು ಮಗನ ಮುಂದೆ ನಾಲಿಗೆಯ ವಿಷಯ ಎತ್ತಲಿಲ್ಲ. ಮನೆಯಲ್ಲಿ ವಿಜ್ಞಾನ ಓದಿದವರು ಇದ್ದರಲ್ಲ.

ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮಾರುತಿ ಬಚ್ಚಲಿನಿಂದ ಹೊರಗೆ ಬಂದು ಹೆಂಡತಿಯನ್ನು ಪಕ್ಕಕ್ಕೆ ಕರೆದರು. ಮೂತ್ರ ಕೆಂಪಗೆ ಹೋಗಿತ್ತು. ನೋವಿಲ್ಲ, ಉರಿಯಿಲ್ಲ. ಆ ವಾರವೆಲ್ಲ ಒಂದು ಮದುವೆ ಮನೆಯ ಸೀರೆಗಳಿಗಾಗಿ ಕುಂಕುಮಗೆಂಪಿನ ಹಂಡೆಯೇ ಒಲೆಯ ಮೇಲಿತ್ತು.

"ಬಣ್ಣಾನೇ ಈಚೆಗೆ ಬರ್ತಾ ಐತೇನೋ" ಎಂದರು ಮಾರುತಿ.

"ಬಂದ್ರೆ ಒಳ್ಳೇದೇ ಅಲ್ವಾ" ಎಂದರು ನಾಗರತ್ನ. "ಒಳಗೆ ಉಳೀಲಿಲ್ಲ ಅಂದಂಗಾಯ್ತು."

ಎರಡು ದಿನಕ್ಕೆ ತಾನಾಗಿಯೇ ನಿಂತಿತು. ಮೂರು ತಿಂಗಳು ಬಿಟ್ಟು ಮತ್ತೆ ಬಂತು, ಮತ್ತೆ ನಿಂತಿತು. ಬಂದು ಬಂದು ನಿಲ್ಲುವುದೇ ಆ ಕಾಯಿಲೆಯ ಲಕ್ಷಣ ಎಂದು ಆಗ ಅವರಿಬ್ಬರಿಗೂ ಗೊತ್ತಿರಲಿಲ್ಲ. ಹೊನ್ನಕ್ಕನಿಗೆ ಹೇಳಲಿಲ್ಲ. ಹೇಳಿದರೆ ಹೆದರುತ್ತಾರೆ ಅಂತ.

ತೊಂಬತ್ತೇಳರ ಚಳಿಗಾಲದಲ್ಲಿ ನೇಕಾರರ ಸೊಸೈಟಿಯ ಗೋಡೆಗೆ ಒಂದು ಸುತ್ತೋಲೆ ಅಂಟಿಸಿದರು. ಇಂಗ್ಲಿಷಿನಲ್ಲಿತ್ತು. ಕೆಲವು ಜಾತಿಯ ಬಣ್ಣಗಳನ್ನು ಸರ್ಕಾರ ನಿಷೇಧಿಸಿದೆ ಎಂದು ಶುರುವಾಗಿ, ಕೆಳಗೆ ಉದ್ದಕ್ಕೆ ಹೆಸರುಗಳು. ಅದನ್ನು ಓದಿ ಹೇಳಲು ಸೊಸೈಟಿಯವರು ನಾಗರತ್ನ ಮೇಡಂ ಅವರನ್ನೇ ಕರೆಸಿದರು. ಹೆಸರುಗಳ ಪೈಕಿ ಒಂದನ್ನು ಅವರು ಎಲ್ಲೋ ನೋಡಿದ ಹಾಗಿತ್ತು. ಮನೆಗೆ ಬಂದು ಅಟ್ಟ ಹುಡುಕಿದರು. ಮಾವನ ಕಾಲದಲ್ಲಿ ಕೆಂಪು ಪುಡಿ ಬಂದಿದ್ದ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಲಡಿಗಳನ್ನು ತುಂಬಿಟ್ಟಿದ್ದರು. ಪೆಟ್ಟಿಗೆಯ ಮೇಲೆ ಆ ಹೆಸರು ಅಚ್ಚಾಗಿತ್ತು. ಕ್ಯಾತಪ್ಪನನ್ನು ಕೇಳಿದರೆ, "ನಿಮ್ಮ ಮಾವನ ಕಾಲದಿಂದ ಅದೇ ಮಾಲು ಮೇಡಂ, ನಾನು ಬ್ಯಾರೆ ಕೊಟ್ಟಿಲ್ಲ" ಎಂದು ಆಣೆ ಹಾಕಿದ. ಪ್ರಾಮಾಣಿಕ ಎನ್ನಿಸಿಕೊಳ್ಳಲು ಹೇಳಿದ ಮಾತು ಅದು. ಅವನಿಗೂ ಪಾಪ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಮೇಡಂ ಚಳ್ಳಕೆರೆಗೆ ಹೋಗಿ ತಿಪ್ಪೇರುದ್ರಪ್ಪನವರ ಮನೆಯ ಬಾಗಿಲು ತಟ್ಟಿದರು. ಲೆಕ್ಚರರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಕಣ್ಣಿನ ಪೊರೆ ತೆಗೆಸಿ ದಪ್ಪ ಕನ್ನಡಕ ಹಾಕಿಕೊಂಡಿದ್ದರು. ಸುತ್ತೋಲೆಯಲ್ಲಿದ್ದ ಹೆಸರು ಓದಿದವರೇ ಒಂದು ಹಾಳೆ ತೆಗೆದು ಆ ಬಣ್ಣದ ಅಣುವನ್ನು ಬರೆದರು. ಉಂಗುರಗಳ ಒಂದು ಸಾಲು. ಅವುಗಳ ನಡುವೆ ಎರಡು ಕಡೆ, ಜೋಡಿ ಗೆರೆಯಿಂದ ಒಂದನ್ನೊಂದು ಹಿಡಿದ ಎರಡೆರಡು ನೈಟ್ರೋಜನ್. ನಾಗರತ್ನ ತಾವು ಮನೆಯಲ್ಲಿ ಹೇಳಿದ್ದನ್ನೆಲ್ಲ ಅವರ ಮುಂದೆ ಹೇಳಿದರು. ನೀರು, ಹಬೆ, ಪಕ್ಕಪಕ್ಕದ ಸೆಳೆತ.

"ನೀನು ಹೇಳಿದ್ದರಲ್ಲಿ ತಪ್ಪಿಲ್ಲಮ್ಮ" ಎಂದರು ಲೆಕ್ಚರರು. "ಬಣ್ಣದ ಅಣು ರೇಷ್ಮೆಗೆ ಹ್ಯಾಗೆ ಅಂಟ್ಕೊಂಡಿದೆ ಅನ್ನೋದು ಒಂದು ಪ್ರಶ್ನೆ. ಅದು ತನ್ನೊಳಗೆ ತಾನು ಹ್ಯಾಗೆ ಕಟ್ಕೊಂಡಿದೆ ಅನ್ನೋದು ಇನ್ನೊಂದು ಪ್ರಶ್ನೆ. ನೀನು ಮೊದಲನೇದಕ್ಕೆ ಸರಿಯಾಗೇ ಉತ್ತರ ಬರೆದೆ. ಅದೇ ಉತ್ತರಾನ ಎರಡನೇದಕ್ಕೂ ಬರೆದುಬಿಟ್ಟೆ."

"ಒಳಗಿನ ಬಂಧ ಅಷ್ಟು ಸುಲಭಕ್ಕೆ ಮುರಿಯಲ್ಲ ಅಲ್ವಾ ಸರ್?"

"ಕುದಿಸಿದ್ರೆ ಮುರಿಯಲ್ಲ. ಸೋಪಿಗೆ ಮುರಿಯಲ್ಲ. ನಿಮ್ಮ ಮನೇಲಿ ಬಣ್ಣ ಕೆಟ್ಟರೆ ನೂಲಿನಿಂದ ಹ್ಯಾಗೆ ತೆಗೀತಾರೆ?"

"ಹೈಡ್ರೋ ಪುಡಿ ಹಾಕಿ ಬಿಸಿನೀರಲ್ಲಿ ಅದ್ದುತಾರೆ ಸರ್. ಬೆಳ್ಳಗಾಗ್ತೈತೆ."

"ಸೋಪು ಹಾಕಿ ತೊಳೆದಾಗ ನೀರು ಏನಾಗ್ತದೆ?"

"ಕೆಂಪಾಗ್ತೈತೆ."

"ಹೈಡ್ರೋ ಹಾಕಿದಾಗ?"

 ಆ ನೀರನ್ನು ನಾಗರತ್ನ ನೂರು ಸಲ ನೋಡಿದ್ದರು. ನೂಲು ಬೆಳ್ಳಗಾಗುತ್ತಿತ್ತು, ನೀರು ತಿಳಿಯಾಗಿಯೇ ಇರುತ್ತಿತ್ತು.

"ನೂಲಿನಲ್ಲೂ ಇಲ್ಲ, ನೀರಲ್ಲೂ ಇಲ್ಲ. ಬಣ್ಣ ಎಲ್ಲಿ ಹೋಯ್ತು ಹೇಳು" ಎಂದು ಕೇಳಿ, ಹಾಳೆಯ ಮೇಲಿನ ಜೋಡಿ ಗೆರೆಗಳನ್ನು ಲೆಕ್ಚರರು ಪೆನ್ಸಿಲ್ಲಿನಿಂದ ಅಡ್ಡಕ್ಕೆ ಹೊಡೆದರು. "ಇಲ್ಲಿ ಕತ್ತರಿಸ್ತು. ನೀರು ಕೆಂಪಾದ್ರೆ ಅಣು ಜಾಗ ಬಿಟ್ಟಿದೆ ಅಂತ. ನೀರು ಕೆಂಪಾಗದೆ ಬಣ್ಣ ಹೋದ್ರೆ ಅಣುವೇ ಒಡೆದಿದೆ ಅಂತ. ಹೈಡ್ರೋ ಮಾಡೋ ಕೆಲಸಾನೇ ಹೊಟ್ಟೆ ಒಳಗೂ ನಡೀತದಂತೆ. ಕರುಳಿನ ಸೂಕ್ಷ್ಮಜೀವಿಗಳು ಈ ಗಂಟು ಕತ್ತರಿಸ್ತವೆ. ಆಮೇಲೆ ಉಳಿಯೋ ತುಂಡು ಬಣ್ಣ ಅಲ್ಲ, ಅದಕ್ಕೆ ಬಣ್ಣವೇ ಇಲ್ಲ. ಕಣ್ಣಿಗೆ ಬೀಳಲ್ಲ. ಅದು ಮೂತ್ರಕೋಶಕ್ಕೆ ಕೆಟ್ಟದ್ದು." ಕನ್ನಡಕ ತೆಗೆದು ಶಿಷ್ಯೆಯ ಮುಖ ನೋಡಿದರು. "ಮನೇಲಿ ಯಾರಿಗಾದ್ರೂ ಮೂತ್ರದಲ್ಲಿ ರಕ್ತ ಹೋಗಿದ್ಯೇನಮ್ಮ?"

ವಾಪಸು ಬರುವ ಬಸ್ಸಿನಲ್ಲಿ, ತಳಕು ದಾಟಿದ ಮೇಲೆ ತನಗೆ ಇಳಿದುಬಿಡೋಣ ಅನ್ನಿಸಿತ್ತು ಎಂದು ಮೇಡಂ ನನಗೆ ಹೇಳಿದ್ದಾರೆ. ಇಳಿಯಲಿಲ್ಲ. ಊರು ಸೇರಿದಾಗ ಮೂರು ಗಂಟೆ. ಚೀಲವನ್ನೂ ಇಡದೆ ಬಣ್ಣದ ಮನೆಗೆ ಹೋದರು. ಮಾರುತಿ ಕೋಲು ತಿರುವುತ್ತಿದ್ದರು.

"ಕೆಳಗಿಡ್ರಿ ಅದನ್ನ" ಎಂದರು ನಾಗರತ್ನ.

"ಈಗ ಬಿಟ್ರೆ ಲಡಿ ಪಟ್ಟೆಪಟ್ಟೆ ಆಗ್ತೈತೆ."

"ಆಗ್ಲಿ. ಅವತ್ತು ನಾನು ಹೇಳಿದ್ದು ಅರ್ಧ ಕಣ್ರಿ. ಇನ್ನರ್ಧ ನನಗೇ ಗೊತ್ತಿರಲಿಲ್ಲ."

ಒಂದೊಂದಾಗಿ ಎಲ್ಲ ಹೇಳಿದರು. ಹೈಡ್ರೋ ನೀರಿನ ಮಾತು ಬಂದಾಗ ಮಾರುತಿ ಕೋಲು ಬಿಟ್ಟು ತಮ್ಮ ಎರಡೂ ಕೈಯನ್ನು ಮುಂದೆ ಹಿಡಿದು ನೋಡಿಕೊಂಡರು.

"ದಿನಾ ಸಂಜೆ ಆ ನೀರಲ್ಲೇ ಕೈ ತೊಳ್ಕೊಂತಿದ್ದೆ ನಾಗು" ಎಂದರು. "ಕಲೆ ಎಲ್ಲ ಹೋಗಿ ಕೈ ಬೆಳ್ಳಗಾಗ್ತಿತ್ತು. ತಿಳಿ ನೀರು ಅಂತ ಮುಖಕ್ಕೂ ಹಾಕ್ಕೊಂತಿದ್ದೆ."

ಮರುದಿನ ಬಳ್ಳಾರಿಗೆ ಹೋದರು. ಅಲ್ಲಿಯ ಡಾಕ್ಟರು ಮೊದಲು ಕೇಳಿದ್ದು, "ಏನು ಕೆಲಸ ಮಾಡ್ತೀರಿ?" ಎಂದು. ರೇಷ್ಮೆಗೆ ಬಣ್ಣ ಹಾಕೋದು ಎಂದಾಗ ಪೆನ್ನು ಕೆಳಗಿಟ್ಟರು. "ಎಷ್ಟು ವರ್ಷದಿಂದ?"

"ಇಪ್ಪತ್ತೆರಡು ವರ್ಷ ಆಯ್ತು ಸಾರ್."

ತುದಿಯಲ್ಲಿ ದೀಪವಿರುವ ನಳಿಕೆ ಒಳಗೆ ಬಿಟ್ಟು ನೋಡಿದರು. ಮೂತ್ರಕೋಶದ ಗೋಡೆಗೆ ಮೂರು ಗಡ್ಡೆಗಳಿದ್ದವು. ಒಂದು ಗೋಡೆಯೊಳಕ್ಕೇ ಬೇರು ಬಿಟ್ಟಿತ್ತು. ಒಂದು ವರ್ಷ ಮೊದಲೇ ಬಂದಿದ್ದರೆ ಎಂದು ಡಾಕ್ಟರು ಶುರುಮಾಡಿ, ಹೆಂಡತಿಯ ಮುಖ ನೋಡಿ ಮಾತು ಬದಲಿಸಿದರು. ಆ ಒಂದು ವರ್ಷದ ಲೆಕ್ಕ ನಾಗರತ್ನ ಅವರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಗಡ್ಡೆ ಸುಟ್ಟರು. ಮೂರು ಮೂರು ತಿಂಗಳಿಗೆ ಹೋಗಿ ತೋರಿಸುವುದು, ಮತ್ತೆ ಸುಡುವುದು. ಕಾಯಿಲೆ ಸಂಪೂರ್ಣ ಹೋಯಿತು ಎಂದು ಯಾವ ಸಲವೂ ಹೇಳಲಿಲ್ಲ. ಮಾರುತಿ ಬಣ್ಣದ ಕೆಲಸ ನಿಲ್ಲಿಸಿ ಸೊಸೈಟಿಯಲ್ಲಿ ನೂಲು ತೂಗುವ ಕೆಲಸಕ್ಕೆ ಸೇರಿದರು. ಕೆಂಪು ಪುಡಿಯ ಉಳಿದ ಡಬ್ಬಗಳನ್ನು ಎಲ್ಲಿಗೆ ಕೊಡಬೇಕೆಂದು ಮೇಡಂ ನಾಲ್ಕು ಕಡೆ ಪತ್ರ ಬರೆದರು. ಉತ್ತರ ಬರಲಿಲ್ಲ. ಬಾವಿಗೆ ಹಾಕುವ ಹಾಗಿಲ್ಲ, ಸುಡುವ ಹಾಗಿಲ್ಲ. ಮುಚ್ಚಳಕ್ಕೆ ಮೇಣ ಹಚ್ಚಿ ಅಟ್ಟಕ್ಕೇರಿಸಿದರು.

ಊರಿನಲ್ಲಿ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಬಣ್ಣದ ಮನೆಗಳಿದ್ದವು. ಮೇಡಂ ಶಾಲೆ ಬಿಟ್ಟ ಮೇಲೆ ಒಂದೊಂದೇ ಮನೆಗೆ ಹೋಗತೊಡಗಿದರು. ಮೊದಲ ವಾರ ಯಾರೂ ಕೇಳಲಿಲ್ಲ. ಮಾರುತಿಯ ಗೆಳೆಯ ಬೊಮ್ಮಲಿಂಗಪ್ಪ, ಅವರಷ್ಟೇ ಒಳ್ಳೆಯ ಕೆಲಸಗಾರ, ಹಂಡೆಯ ಮುಂದಿನಿಂದ ಏಳಲೂ ಇಲ್ಲ. "ಅಣು ಗಿಣು ಎಲ್ಲ ಹುಡುಗ್ರಿಗೆ ಹೇಳ್ರಿ ಮೇಡಂ. ನಮ್ಮಜ್ಜ ಎಂಬತ್ತು ವರ್ಷ ಬದುಕಿದ್ದ, ಅವನೂ ನೆಕ್ಕಿದ್ದ" ಎಂದ.

ಎರಡನೇ ವಾರ ಮಾರುತಿಯೇ ಜೊತೆಗೆ ಹೊರಟರು. ಆಪರೇಷನ್ ಆಗಿ ಹದಿನೈದು ದಿನವಾಗಿತ್ತು, ನಡೆದರೆ ಸುಸ್ತಾಗುತ್ತಿತ್ತು. ನನ್ನ ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದರು. ಹಾಗಾಗಿ ಈ ಭಾಗ ನಾನೇ ಕಂಡದ್ದು. ಎರಡು ಗಾಜಿನ ಲೋಟ, ಎರಡು ತುಂಡು ಕೆಂಪು ನೂಲು. ಹಳೇ ಪುಡಿಯ ನೂಲು ಬೇಡ, ಒಡೆದರೆ ಆ ವಿಷವೇ ಲೋಟದಲ್ಲಿ ಬರುತ್ತದೆ ಎಂದು ಮೇಡಂ ಹೊಸ ಜಾತಿಯ ಕೆಂಪಿನಲ್ಲಿ ಅದ್ದಿದ ನೂಲು ಇಟ್ಟುಕೊಂಡಿದ್ದರು. ಒಂದು ಲೋಟಕ್ಕೆ ಬಿಸಿ ಸೋಪಿನ ನೀರು, ಇನ್ನೊಂದಕ್ಕೆ ಹೈಡ್ರೋ. ಮೇಡಂ ಪಾಠ ಮಾಡಲಿಲ್ಲ. ಮಾತೆಲ್ಲ ಮಾರುತಿಯದೇ.

"ಲೇ ಬೊಮ್ಮಲಿಂಗ, ಇಲ್ನೋಡು. ಈ ನೀರು ಕೆಂಪಾತು. ಬಣ್ಣ ಮನೆ ಬಿಟ್ಟು ಮನೆಗೆ ಹೋತು, ಅಷ್ಟೆ. ಈಗ ಇದನ್ನ ನೋಡು. ನೂಲು ಬೆಳ್ಳಗಾತು, ನೀರೂ ಬೆಳ್ಳಗೈತೆ. ಬಣ್ಣ ಎಲ್ಲೋತಲೇ?"

ಬೊಮ್ಮಲಿಂಗಪ್ಪ ಲೋಟ ಎತ್ತಿ ಬೆಳಕಿಗೆ ಹಿಡಿದ. "ಹೋತು" ಎಂದ.

"ಹೋಗೋದು ಅಂದ್ರೇನು? ಒಳಗಿನ ಗಂಟೇ ಬಿಚ್ಚೋತು. ಚೂರು ಚೂರಾಗಿ ಇದ್ರಾಗೇ ಐತೆ, ನಿನ್ನ ಕಣ್ಣಿಗೆ ಕಾಣ್ತಿಲ್ಲ. ಹಂಗೇ ನನ್ನ ಹೊಟ್ಟೇಲೂ ಆತು." ಮಾರುತಿ ಅಂಗಿ ಎತ್ತಿ, ಆಪರೇಷನ್ ಆದ ಮೇಲೆ ಮೂತ್ರ ಹೋಗಲೆಂದು ನಳಿಕೆ ಹಾಕಿದ್ದ ಹೊಟ್ಟೆಯ ಕೆಳಭಾಗದ ಗಾಯ ತೋರಿಸಿದರು. "ನಮ್ಮಪ್ಪನೂ ಹಿಂಗೇ ಹೋದ. ನಿಮ್ಮ ದೊಡ್ಡಪ್ಪ ಯಾತರಿಂದ ಹೋದ, ನೆನಪು ಮಾಡ್ಕೊ."

 ಅವತ್ತಿನಿಂದ ಬೊಮ್ಮಲಿಂಗಪ್ಪ ಹಳೇ ಪುಡಿ ಬಿಟ್ಟ. ಕೆಲವರು ಬಿಟ್ಟರು, ಕೆಲವರು ನಾಲಿಗೆಗೆ ಹಚ್ಚುವುದನ್ನು ಮಾತ್ರ ಬಿಟ್ಟರು. ಕೆಲವರು ಮೇಡಂ ಬರುವುದು ಕಂಡರೆ ಬಾಗಿಲು ಹಾಕಿಕೊಂಡರು. ಹೊಸ ಕೆಂಪು ಹಳೆಯದರಷ್ಟು ಚೆನ್ನಾಗಿ ಏಳುವುದಿಲ್ಲ ಎಂದು ನೇಕಾರರ ದೂರು ಬೇರೆ.

ಎರಡು ಸಾವಿರನೇ ಇಸವಿಯಲ್ಲಿ ಮಾರುತಿಯ ಮೂತ್ರಕೋಶವನ್ನೇ ತೆಗೆದು ಹೊಟ್ಟೆಯ ಪಕ್ಕಕ್ಕೆ ಚೀಲ ಕಟ್ಟಿದರು. ಅಷ್ಟರಲ್ಲಿ ಕಾಯಿಲೆ ಬೆನ್ನುಮೂಳೆ ಸೇರಿತ್ತು. ಮುಂದಿನ ಫೆಬ್ರವರಿಯಲ್ಲಿ, ಮಧ್ಯಾಹ್ನದ ಹೊತ್ತು, ಹೊನ್ನಕ್ಕ ಗಂಜಿ ಕುಡಿಸುತ್ತಿರುವಾಗ ತೀರಿಕೊಂಡರು. ಮೂವತ್ತೊಂಬತ್ತು ವಯಸ್ಸು. ಮಕ್ಕಳಿರಲಿಲ್ಲ.

ಹದಿಮೂರು ದಿನ ಕಳೆದು ಮೇಡಂ ಶಾಲೆಗೆ ಬಂದರು. ಕೆಲಸದಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಆದರೆ ಮಕ್ಕಳು ಉತ್ತರ ಹೇಳಿದಾಗ "ಸರಿ" ಎನ್ನುವುದನ್ನು ನಿಲ್ಲಿಸಿದ್ದರು. "ಇನ್ನೇನಾದರೂ ಇದೆಯಾ ಯೋಚನೆ ಮಾಡು" ಎನ್ನುತ್ತಿದ್ದರು. ಮಕ್ಕಳಿಗೆ ಅದು ಕಿರಿಕಿರಿ. ನನ್ನ ಹತ್ತಿರ ಬಂದು ದೂರಿದರು.

ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ. ಒಂದು ಮಾತಿಗಾಗಿ ಮೇಡಂ ಕಾಯುತ್ತಿದ್ದರು. ಹೊನ್ನಕ್ಕ ಆ ಮಾತು ಆಡಲಿಲ್ಲ. ಬೈಯಲಿಲ್ಲ, ಮುಖ ತಿರುಗಿಸಲಿಲ್ಲ, ಮೊದಲಿನ ಹಾಗೇ ಬೆಳಿಗ್ಗೆ ಟಿಫಿನ್ ಕ್ಯಾರಿಯರಿಗೆ ಬುತ್ತಿ ಹಾಕಿಕೊಡುತ್ತಿದ್ದರು. ಕೊನೆಗೆ ತಡೆಯಲಾರದೆ ಸೊಸೆಯೇ ಕೇಳಿದರು.

"ಅತ್ತೆ, ನೀವು ಮೊದಲೇ ಹೇಳಿದ್ರಿ. ನಾನು ನಿಮ್ಮ ಬಾಯಿ ಮುಚ್ಚಿಸ್ದೆ. ಒಂದು ಸಲನಾದ್ರೂ ಬೈರಿ ನನ್ನ."

ಹೊನ್ನಕ್ಕ ಅವರೆಕಾಯಿ ಸುಲಿಯುತ್ತಿದ್ದರು. "ನೀನು ಬರಾಕೆ ಮುಂಚೆ ಎಷ್ಟೋ ವರ್ಷ ಹೇಳಿದ್ದೆ, ಕೇಳಿದ್ನಾ?" ಎಂದರು. "ನೀನು ಕೇಡು ಬಯಸಿ ಹೇಳಿದ್ದಲ್ಲ. ತಿಳಿದಷ್ಟು ಹೇಳ್ದೆ." ಸ್ವಲ್ಪ ಹೊತ್ತು ಕಾಯಿ ಸುಲಿದು ಮತ್ತೆ ಹೇಳಿದರು. "ಆದ್ರೆ ಅವತ್ತಿನಿಂದ ನಾನು ಕೂಗೋದು ಬಿಟ್ಟೆ ನೋಡು. ಓದಿದೋಳು ಹೇಳ್ತಾಳೆ, ನಂದೇ ತಪ್ಪಿರಬೌದು ಅಂತ. ಕೂಗಿದ್ರೆ ಅವ್ನು ಕೇಳ್ತಿದ್ನೋ ಇಲ್ವೋ. ನಾನು ಮಾತ್ರ ಬಿಡಬಾರದಾಗಿತ್ತು."

ಬೈಗುಳಕ್ಕಿಂತ ಇದು ಹೆಚ್ಚಾಯಿತು ಎಂದು ಮೇಡಂ ನನಗೆ ಹೇಳಿದರು. ನನ್ನ ತಪ್ಪಿನಲ್ಲಿ ಅರ್ಧವನ್ನು ಆ ಮುದುಕಿ ತನ್ನ ತಲೆಗೆ ಕಟ್ಟಿಕೊಂಡು ಕೂತಿದ್ದಳು ಎಂದರು.

ಆ ವರ್ಷದ ಕೊನೆಗೆ ಮೇಡಂ ಬಳ್ಳಾರಿಯ ಅದೇ ಡಾಕ್ಟರನ್ನು ಒಪ್ಪಿಸಿ ನಮ್ಮ ಶಾಲೆಯಲ್ಲಿ ಬಣ್ಣದ ಕೆಲಸಗಾರರಿಗೆ ಮೂತ್ರ ಪರೀಕ್ಷೆ ಇಡಿಸಿದರು. ಒಂದು ಭಾನುವಾರ. ಎಂಟನೇ ತರಗತಿಯ ಬೆಂಚುಗಳನ್ನು ವರಾಂಡಕ್ಕೆ ತಂದು ಹಾಕಿದೆವು. ಹತ್ತೊಂಬತ್ತು ಜನ ಬಂದರು, ಅದರಲ್ಲಿ ಇಬ್ಬರು ಲಡಿ ತೊಳೆಯುವ ಹೆಂಗಸರು. ಬೊಮ್ಮಲಿಂಗಪ್ಪನ ಮೂತ್ರದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸಿಕ್ಕಿತು. ಬಳ್ಳಾರಿಗೆ ಕರೆಸಿ ನೋಡಿದರೆ ಒಂದೇ ಒಂದು ಸಣ್ಣ ಗಡ್ಡೆ, ಗೋಡೆಗೆ ಇನ್ನೂ ಇಳಿದಿರಲಿಲ್ಲ. ತೆಗೆದುಹಾಕಿದರು. ಅವನು ಉಳಿದ. ಮೇಡಂ ನಗುವುದನ್ನು ನಾನು ಬಹಳ ದಿನದ ಮೇಲೆ ಅವತ್ತು ಕಂಡೆ.

ಬೊಮ್ಮಲಿಂಗಪ್ಪನ ಮಗಳು ಶಿಲ್ಪಳಿಗೆ ರಾಯದುರ್ಗದ ಕಡೆ ಸಂಬಂಧ ಗೊತ್ತಾಗಿತ್ತು. ಗಂಡಿನ ಕಡೆಯವರು ಬಂದು, ಎಲೆಯಡಿಕೆ ಬದಲಾಯಿಸುವುದಷ್ಟೇ ಬಾಕಿ. ಶಾಲೆಯಲ್ಲಿ ಪರೀಕ್ಷೆಯಾಯಿತಂತೆ, ಅಪ್ಪನಿಗೆ ಕ್ಯಾನ್ಸರ್ ಅಂತೆ ಎಂಬ ಸುದ್ದಿ ಅವರ ಕಿವಿಗೆ ಬಿತ್ತು. ಆ ಮನೆಯವರ ವಂಶದಲ್ಲೇ ರೋಗ ಇದೆ, ಹುಡುಗಿಗೂ ಬರುತ್ತದೆ ಎಂದು ಯಾರೋ ಸೇರಿಸಿದರು. ಗಂಡಿನವರು ಹಿಂದಕ್ಕೆ ಸರಿದರು. ಮೇಡಂ ತಾವೇ ರಾಯದುರ್ಗಕ್ಕೆ ಹೋಗಿ, ಇದು ರಕ್ತದಲ್ಲಿ ಹರಿದು ಬರುವ ಕಾಯಿಲೆಯಲ್ಲ, ಪುಡಿಯಿಂದ ಬಂದದ್ದು ಎಂದು ಬಿಡಿಸಿ ಬಿಡಿಸಿ ಹೇಳಿದರಂತೆ. ಅವರು ಕಾಫಿ ಕೊಟ್ಟು, ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿ ಕಳಿಸಿಕೊಟ್ಟರು. ಮನಸ್ಸು ಬದಲಿಸಲಿಲ್ಲ.

ಕೆಲವು ದಿನಗಳ ಮೇಲೆ ಬೊಮ್ಮಲಿಂಗಪ್ಪ ಶಾಲೆಯ ಗೇಟಿನ ಹತ್ತಿರ ಮೇಡಂ ಅವರನ್ನು ತಡೆದು ನಿಲ್ಲಿಸಿದ. ನಾನು ಪಕ್ಕದಲ್ಲೇ ಇದ್ದೆ.

"ನೀವು ನೋಡದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ ಮೇಡಂ" ಎಂದ.

"ಗೊತ್ತಾಗದೇ ಇದ್ದಿದ್ರೆ ಎರಡು ಮೂರು ವರ್ಷದಲ್ಲಿ ನೀವು ಇರ್ತಿರ್ಲಿಲ್ಲ ಬೊಮ್ಮಲಿಂಗಪ್ಪ."

"ಇರ್ತಿರ್ಲಿಲ್ಲ. ಮಗಳ ಮದುವೆ ಮಾಡಿ ಹೋಗ್ತಿದ್ದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಹೇಳಿ, ಸೈಕಲ್ ಹತ್ತಿ ಹೋದ. ಮತ್ತೆಂದೂ ಅವರ ಜೊತೆ ಮಾತಾಡಲಿಲ್ಲ. ಶಿಲ್ಪ ಮನೆಯಲ್ಲೇ ನೂಲು ಸುತ್ತುತ್ತ ಉಳಿದಳು.

ಎರಡು ಸಾವಿರದ ಮೂರರಲ್ಲಿ ಮೇಡಂ ಮತ್ತೊಂದು ಸಲ ಪರೀಕ್ಷೆ ಏರ್ಪಡಿಸಿದರು. ಶಿಲ್ಪಳ ಮದುವೆ ತಪ್ಪಿದ್ದು ಊರಿಗೆಲ್ಲ ಗೊತ್ತಿತ್ತು, ಬೇಡ ಎಂದು ನಾನು ಹೇಳಿದ್ದೆ. ಮನೆಮನೆಗೂ ಹೋಗಿ ತಿಳಿಸಿದರು, ಸೊಸೈಟಿಯ ಗೋಡೆಗೆ ಕನ್ನಡದಲ್ಲಿ ತಾವೇ ಬರೆದು ಅಂಟಿಸಿದರು. ಡಾಕ್ಟರು ಬೆಳಿಗ್ಗೆ ಒಂಬತ್ತಕ್ಕೇ ಬಂದರು. ಹತ್ತಾಯಿತು, ಹನ್ನೊಂದಾಯಿತು. ರಸ್ತೆಯಾಚೆಯ ಟೀ ಅಂಗಡಿಯಲ್ಲಿ ಬಣ್ಣದ ಮನೆಯವರು ನಾಲ್ಕೈದು ಜನ ನಿಂತು ಈ ಕಡೆ ನೋಡುತ್ತಿದ್ದರು. ಬೆರಳುಗಳು ಕೆಂಪಗಿದ್ದದ್ದು ಅಲ್ಲಿಂದಲೇ ಕಾಣುತ್ತಿತ್ತು. ಯಾರೂ ರಸ್ತೆ ದಾಟಲಿಲ್ಲ. ಮೇಡಂ ಹೆಸರು ಬರೆಯುವ ಪುಸ್ತಕವನ್ನು ಮುಂದೆ ತೆರೆದಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು ಕೂತೇ ಇದ್ದರು.

ನಾಲ್ಕು ಗಂಟೆಗೆ ಡಾಕ್ಟರು ಹೊರಟರು. ನಾವಿಬ್ಬರೂ ಬೆಂಚುಗಳನ್ನು ಮತ್ತೆ ಎಂಟನೇ ತರಗತಿಗೆ ಸಾಗಿಸಿದೆವು.